ಇನಿಶಿಯಲ್ ಅಂದುಕೊಂಡು ಅಚ್ಚು ಹಾಕಿದ ನಾಲ್ಕು ಅಕ್ಷರ

ಕಲಬುರಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಸೇರಿದ ಮೊದಲ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ಮಗಳ ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಬರೆದು ತಂದರು. ಕೊನೆಗೆ ಆರ್‌ಎಸ್‌ವಿಪಿ ಅಂತ ನಾಲ್ಕು ಅಕ್ಷರ. ಅದರ ಕೆಳಗೆ ಅವರ ಹೆಸರು, ಫೋನ್ ನಂಬರ್. ನಾನು ಆ ನಾಲ್ಕನ್ನು ಇನಿಶಿಯಲ್ ಅಂದುಕೊಂಡೆ. ನಡುನಡುವೆ ಚುಕ್ಕಿ ಇಟ್ಟು, ಹೆಸರಿಗೆ ಸೇರಿಸಿ ಒಂದೇ ಸಾಲು ಮಾಡಿದೆ. ಅವಸರದಲ್ಲಿ ಪ್ರೂಫ್ ತೋರಿಸಲಿಲ್ಲ. 500 ಕಾರ್ಡ್ ಅಚ್ಚಾಯಿತು.

ಮೇಷ್ಟ್ರು ಕಾರ್ಡ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಮ್ಮಾ, ಇದು ನಮ್ಮ ಇನಿಶಿಯಲ್ ಅಲ್ಲ. ಬರ್ತೀರೋ ಇಲ್ಲೋ ಹೇಳ್ರಿ ಅಂತ ಕೇಳೋದು" ಎಂದರು. ಸಿಟ್ಟು ಮಾಡಲಿಲ್ಲ, ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಅವತ್ತು ರಾತ್ರಿ ಕೂತು 500 ಕಾರ್ಡನ್ನೂ ಮತ್ತೆ ಅಚ್ಚು ಹಾಕಿದೆವು.

ಅದು ಫ್ರೆಂಚ್ ಮಾತು. 'ರೆಪೊಂದೇ ಸಿಲ್ ವು ಪ್ಲೇ', ಅಂದರೆ 'ದಯವಿಟ್ಟು ಉತ್ತರ ಕೊಡಿ'. ದಯವಿಟ್ಟು ಅನ್ನೋದು ಅದರ ಒಳಗೇ ಇದೆ. ಮುಂದೆ ಪ್ಲೀಸ್ ಸೇರಿಸಿದರೆ ಎರಡು ಸಲ ಹೇಳಿದ ಹಾಗೆ. ನಮ್ಮ ಕಡೆ ಎಷ್ಟೋ ಜನ ಇದನ್ನು 'ಸುಖಾಗಮನ ಬಯಸುವವರು' ಅನ್ನೋದರ ಇಂಗ್ಲಿಷ್ ಅಂತ ತಿಳಿದು ಕಾಕಾ, ಕಾಕು, ಸೋದರಮಾವ ಎಲ್ಲರ ಹೆಸರು ಬರೆಸುತ್ತಾರೆ. ಅಲ್ಲಿ ಬೇಕಾದದ್ದು ಯಾರಿಗೆ ಉತ್ತರ ಕೊಡಬೇಕೋ ಅವರ ಹೆಸರು, ನಂಬರ್ ಮಾತ್ರ. ಊಟಕ್ಕೆ ಎಷ್ಟು ಎಲೆ ಹಾಕಬೇಕು ಅಂತ ಗೊತ್ತಾಗಬೇಕಲ್ವಾ? ಈಗ ಪ್ರತಿ ಗಿರಾಕಿಗೂ ಇದನ್ನು ಹೇಳುತ್ತೇನೆ. ಒಪ್ಪಿದರೆ ಬದಲಿಸುತ್ತೇನೆ.

ಅಂದಿನಿಂದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಇಂಥ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಆಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು. ಕೋರ್ಟ್, ಜಡ್ಜ್, ಜೂರಿ ಎಲ್ಲ ಹಾಗೆ ಬಂದವು. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ ಕಾನೂನು ಬಂದದ್ದು 1362ರಲ್ಲಿ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1347ರಿಂದ ಬಹಮನಿಗಳು, ಮುಂದೆ ನಿಜಾಮರು ಆಳಿದ ಊರು ನಮ್ಮದು. ಅರ್ಜಿ, ದಫ್ತರ, ವಕೀಲ, ತಾರೀಖು ಇವನ್ನು ಹೊರಗಿನ ಮಾತು ಅಂತ ನಾವು ಯಾರೂ ನೆನೆಯುವುದಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ನಮ್ಮ ಕಸುಬಿನ ಪದಗಳು. ಬ್ರೋಷರ್ ಹುಟ್ಟಿದ್ದು ಫ್ರೆಂಚಿನ 'ಹೊಲಿ' ಅನ್ನೋ ಕ್ರಿಯಾಪದದಿಂದ. ನಾವು ಇವತ್ತಿಗೂ ಹಾಳೆ ಮಡಚಿ ನಡುವೆ ಪಿನ್ ಹೊಡೆಯುತ್ತೇವೆ. ಕೂಪನ್ ಅಂದರೆ ಕತ್ತರಿಸಿ ತೆಗೆದ ತುಂಡು. ಕ್ಲೀಶೆ ಅಂತೂ ಅಚ್ಚುಕೂಟದಲ್ಲೇ ಹುಟ್ಟಿದ ಮಾತು. ಫ್ರೆಂಚ್ ಮುದ್ರಕರು ಲೋಹ ಎರಕ ಹೊಯ್ದು ಮಾಡಿದ ಪ್ಲೇಟಿಗೆ ಹಾಗೆ ಅನ್ನುತ್ತಿದ್ದರು. ಒಮ್ಮೆ ಮಾಡಿಟ್ಟರೆ ಮತ್ತೆ ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕೆಲಸವಿಲ್ಲ, ಅದೇ ಸಾಲುಗಳನ್ನು ಎಷ್ಟು ಸಲ ಬೇಕಾದರೂ ಒತ್ತಬಹುದು. ಅದರಿಂದಲೇ ಸವೆದ ಮಾತಿಗೆ ಆ ಹೆಸರು ಬಂತು. ಮೊಳೆ ಜೋಡಿಸಿ ಜೀವನ ಕಳೆದ ನಮ್ಮ ಪ್ರೆಸ್ಸಿನ ಕಾಕಾಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಅನ್ನೋ ಸಾಲು ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗೇ ಇರುತ್ತದೆ. ಅದೂ ಕ್ಲೀಶೆಯೇ. ಆದರೆ ಅದನ್ನು ನಾನು ಹಗುರ ಮಾಡುವುದಿಲ್ಲ. ಕೆಳಗೆ ಬರುವ ಮಗುವಿನ ಹೆಸರು ಪ್ರತಿ ಸಲವೂ ಹೊಸದು.

ಡಿಟಿಪಿ ಕಲಿಯುವವರಿಗೆ ಇನ್ನೊಂದು ಮಾತು. ಕೆಫೆ, ರೆಸ್ಯೂಮೆ ಇವುಗಳ ಕೊನೆಯ ಇಂಗ್ಲಿಷ್ 'ಇ' ಮೇಲೆ ಒಂದು ಓರೆ ಗೆರೆ ಇರುತ್ತದೆ. ಆ ಗೆರೆ ಇಲ್ಲದಿದ್ದರೆ ರೆಸ್ಯೂಮೆಯನ್ನು ರಿಸ್ಯೂಮ್, ಅಂದರೆ 'ಮತ್ತೆ ಶುರು ಮಾಡು' ಅಂತಲೂ ಓದಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ನಂಬರ್ ಪ್ಯಾಡಿನಲ್ಲಿ 0233 ಹೊಡೆದರೆ ಆ ಅಕ್ಷರ ಬರುತ್ತದೆ. ಆದರೆ ಕನ್ನಡ ಟೈಪ್ ಮಾಡುವ ಹಳೆಯ 'ನುಡಿ' ಫಾಂಟಿನಲ್ಲಿ ಅದೇ ಜಾಗದಲ್ಲಿ ನಮ್ಮ ವ ಒತ್ತು ಕೂತಿದೆ, 'ವಿಶ್ವ'ದಲ್ಲಿ ಬರುವ ಒತ್ತು. ಒಂದು ಮೆನು ಕಾರ್ಡಿನಲ್ಲಿ ಕೆಫೆಯ ಬಾಲಕ್ಕೆ ಆ ಒತ್ತು ಅಂಟಿಕೊಂಡಿತ್ತು. ಪ್ರೂಫಿನಲ್ಲಿ ಕಂಡಿತು, ತಿದ್ದಿದೆ. ಮೊದಲು ಫಾಂಟ್ ಬದಲಿಸಿ, ಆಮೇಲೆ 0233 ಹೊಡೆಯಿರಿ.