“ಅಷ್ಟೆಲ್ಲ ಆಗ್ತಿದ್ರೆ ಮೊದ್ಲೇ ಯಾಕೆ ಊರು ಬಿಡ್ಲಿಲ್ಲ?”

ತ್ರೋಖೆನ್‌ಬ್ರೋಡ್ ಅನ್ನೋ ಊರಿನ ಬಗ್ಗೆ ನಾನು ಯಾರಿಗೇ ಹೇಳಿದ್ರೂ ಕೊನೆಗೆ ಬರೋದು ಇದೇ ಪ್ರಶ್ನೆ. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದು 1933ರಲ್ಲಿ, ಈ ಊರಿನ ಯಹೂದಿಗಳನ್ನ ನಾಜಿಗಳು ಕೊಂದಿದ್ದು 1942ರಲ್ಲಿ, ಮಧ್ಯ ಒಂಬತ್ತು ವರ್ಷ ಇತ್ತಲ್ಲ, ಅಷ್ಟು ಜನ ಸುಮ್ನೆ ಕೂತಿದ್ರಾ ಅಂತ. ಕೇಳೋರ ಮೇಲೆ ನಂಗೇನೂ ಬೇಜಾರಿಲ್ಲ, ಆದ್ರೆ ಉತ್ತರ ಎರಡು ಮಾತಲ್ಲಿ ಮುಗಿಯಲ್ಲ, ಅದಕ್ಕೆ ಒಂದ್ಸಲ ಬರೆದುಬಿಡೋಣ ಅಂತ.

ಮೊದ್ಲು ಊರು ಎಲ್ಲಿತ್ತು ಹೇಳ್ತೀನಿ. ಇವತ್ತಿನ ಪಶ್ಚಿಮ ಉಕ್ರೇನ್‌ನ ವೊಲಿನ್ ಪ್ರಾಂತ್ಯ, ಲುಟ್ಸ್ಕ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 30 ಕಿಲೋಮೀಟರ್, ಸುತ್ತ ಕಾಡು, ಜೌಗು. ಸರ್ಕಾರಿ ದಾಖಲೆಯಲ್ಲಿ ಸೋಫಿಯಿವ್ಕಾ, ಅಲ್ಲಿನವರ ಬಾಯಲ್ಲಿ ತ್ರೋಖೆನ್‌ಬ್ರೋಡ್. ಒಂದೇ ಒಂದು ಉದ್ದದ ಬೀದಿ, ಎರಡೂ ಕಡೆ ಮರದ ಮನೆಗಳು, ಮನೆ ಹಿಂದೆ ಅವರವರ ಹೊಲ. ವಿಶೇಷ ಏನಂದ್ರೆ ಒಂದೆರಡು ಕುಟುಂಬ ಬಿಟ್ರೆ ಇಡೀ ಊರಿಗೆ ಊರೇ ಯಹೂದಿಗಳದ್ದು. ಆ ಕಡೆ ಯಹೂದಿಗಳು ಇದ್ದ ಊರುಗಳು ನೂರಾರು, ಆದ್ರೆ ಅಲ್ಲೆಲ್ಲ ಉಕ್ರೇನಿಯನ್ನರು, ಪೋಲಿಷರು ಜೊತೆಗೇ ಇರ್ತಿದ್ರು, ಹೀಗೆ ಪೂರ್ತಿ ಯಹೂದಿಗಳೇ ಇದ್ದ, ಅದೂ ಹೊಲ ಉಳೋ ಯಹೂದಿಗಳ ಊರು ತೀರಾ ಅಪರೂಪ.

ಹೊಲ ಉಳೋಕೆ ಯಾಕೆ ಬಂದ್ರು ಅಂದ್ರೆ ಅಲ್ಲೇ ನಮ್ಮ ಪ್ರಶ್ನೆಯ ಮೊದಲ ಉತ್ತರ ಇದೆ. ಅಕ್ಕಪಕ್ಕದ ಸಾಮ್ರಾಜ್ಯಗಳು ಪೋಲೆಂಡನ್ನ ಹರಿದು ಹಂಚಿಕೊಂಡಾಗ, 1795ರ ಹೊತ್ತಿಗೆ, ವೊಲಿನ್ ಪೂರ್ತಿ ರಷ್ಯಾದ ತ್ಸಾರ್ (ಚಕ್ರವರ್ತಿ) ಕೈಗೆ ಹೋಯ್ತು. ಯಹೂದಿಗಳು ಸಾಮ್ರಾಜ್ಯದ ಪಶ್ಚಿಮದ ಪ್ರಾಂತ್ಯಗಳಲ್ಲಿ ಮಾತ್ರ ಇರಬೇಕು ಅಂತ ಕಟ್ಟು ಹಾಕಿದ್ರು. ಮೇಲಿಂದ 1827ರಲ್ಲಿ ತ್ಸಾರ್ ಮೊದಲನೇ ನಿಕೊಲಾಸ್ ಯಹೂದಿ ಹುಡುಗರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋ ಆಜ್ಞೆ ತಂದ. 12 ವರ್ಷದ ಮಕ್ಕಳನ್ನೂ ಹಿಡ್ಕೊಂಡು ಹೋಗ್ತಿದ್ರು, ಸೇವೆ 25 ವರ್ಷ, ಆ 25 ಶುರುವಾಗ್ತಿದ್ದಿದ್ದು ಹುಡುಗನಿಗೆ 18 ಆದ್ಮೇಲೆ. ಬ್ಯಾಪ್ಟಿಸಂ ಮಾಡಿಸಿ ಕ್ರೈಸ್ತರನ್ನಾಗಿ ಮಾಡೋ ಒತ್ತಡ ಬೇರೆ. ಇದರಿಂದ ತಪ್ಪಿಸ್ಕೊಳ್ಳೋಕೆ ಇದ್ದ ಒಂದು ದಾರಿ ಅಂದ್ರೆ ಬೇಸಾಯ: ಹೊಸದಾಗಿ ಭೂಮಿಗೆ ಹೋಗಿ ನೆಲೆಸೋ ಯಹೂದಿಗಳಿಗೆ ಇಷ್ಟು ವರ್ಷ ಸೈನ್ಯ ಇಲ್ಲ, ತೆರಿಗೆ ಇಲ್ಲ ಅಂತ ಕಾನೂನಿತ್ತು. ಹಾಗಾಗಿ ಬೇರೆ ಯಾರಿಗೂ ಬೇಡದ ಆ ಜೌಗು ನೆಲಕ್ಕೆ 1830ರ ದಶಕದಲ್ಲಿ ಕುಟುಂಬಗಳು ಬಂದು ಕಾಡು ಕಡಿದು ಕೂತವು. ಅಂದ್ರೆ ಈ ಊರು ಹುಟ್ಟಿದ್ದೇ ಓಡಿಬಂದವರಿಂದ!

ಆ ಮಣ್ಣಲ್ಲಿ ಬೆಳೆ ನಂಬ್ಕೊಂಡು ಹೊಟ್ಟೆ ತುಂಬ್ತಿರ್ಲಿಲ್ಲ. ನಿಧಾನಕ್ಕೆ ದನ ಸಾಕಿ ಹಾಲು ಬೆಣ್ಣೆ ಮಾರೋದು, ಚರ್ಮ ಹದ ಮಾಡೋದು, ಬೂಟು ಹೊಲಿಯೋದು, ಎಣ್ಣೆ ಗಾಣ ಅಂತೆಲ್ಲ ಹಿಡಿದ್ರು. 1897ರ ಜನಗಣತಿಯಲ್ಲಿ ಊರಲ್ಲಿ ಒಂದೂವರೆ ಸಾವಿರದ ಮೇಲೆ ಜನ. ಎರಡನೇ ಮಹಾಯುದ್ಧದ ಹೊತ್ತಿಗೆ ಪಕ್ಕದ ಲೋಝಿಷ್ಟ್ ಹಳ್ಳಿ ಸೇರಿಸಿ ಸುಮಾರು 5,000.

ಇನ್ನು “ಬಿಡ್ಲಿಲ್ಲ” ಅನ್ನೋ ಮಾತು. ಬಿಟ್ಟು ಹೋದವರು ಬೇಕಾದಷ್ಟು ಜನ ಇದ್ರು ಸ್ವಾಮಿ. 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ರಷ್ಯಾ ಸಾಮ್ರಾಜ್ಯದಿಂದ ಹತ್ತತ್ರ 20 ಲಕ್ಷ ಯಹೂದಿಗಳು ಹೊರಗೆ ಹೋದ್ರು, ಹೆಚ್ಚಿನವರು ಅಮೆರಿಕಕ್ಕೆ. ಮೊದ್ಲು ಗಂಡ ಹೋಗೋದು, ಅಲ್ಲಿ ಹೊಲಿಗೆ ಫ್ಯಾಕ್ಟರಿಲೋ ಎಲ್ಲೋ ದುಡಿದು ಹೆಂಡ್ತಿ ಮಕ್ಕಳಿಗೆ ಹಡಗಿನ ಟಿಕೆಟ್ ಕಳಿಸೋದು, ಗಲ್ಫ್‌ಗೆ ಹೋದ ಮಂಗಳೂರು ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ತ್ರೋಖೆನ್‌ಬ್ರೋಡಿಂದಲೂ ಹಾಗೇ ಹೋದ್ರು. ಆಮೇಲೆ ರಷ್ಯಾದ ಅಂತರ್ಯುದ್ಧ, 1918ರಿಂದ 21ರವರೆಗೆ ಉಕ್ರೇನ್ ಉದ್ದಕ್ಕೂ ಯಹೂದಿಗಳ ಮೇಲೆ ಹತ್ಯಾಕಾಂಡ, ಎಷ್ಟು ಕಡಿಮೆ ಅಂದಾಜು ಹಾಕಿದ್ರೂ ಸತ್ತವರು ಹತ್ತಾರು ಸಾವಿರ. ಆಗ ಹೊರಡೋಕೆ ಇನ್ನೂ ಜಾಸ್ತಿ ಜನ ತಯಾರಾಗಿದ್ರು. ಅಷ್ಟರಲ್ಲಿ ಅಮೆರಿಕ ಬಾಗಿಲು ಹಾಕ್ತು. 1924ರ ಕಾನೂನಲ್ಲಿ ಇಡೀ ಪೋಲೆಂಡಿಗೆ (1921ರಿಂದ ವೊಲಿನ್ ಪ್ರಾಂತ್ಯದ ಈ ಭಾಗ ಪೋಲೆಂಡಿಗೆ ಸೇರಿತ್ತು) ವರ್ಷಕ್ಕೆ ಕೊಟ್ಟ ಕೋಟಾ 5,982 ಜನ. ಕ್ರೈಸ್ತರು ಯಹೂದಿಗಳು ಎಲ್ಲಾ ಸೇರಿ! ಪೋಲೆಂಡಲ್ಲಿ ಯಹೂದಿಗಳೇ 30 ಲಕ್ಷ ಇದ್ರು, ನೀವೇ ಲೆಕ್ಕ ಹಾಕ್ಕೊಳ್ಳಿ.

ಪ್ಯಾಲೆಸ್ಟೈನ್‌ಗೆ ಹೋಗಬಹುದಿತ್ತು ಅಂತೀರಾ, ಅಲ್ಲಿ ಆಳ್ತಿದ್ದ ಬ್ರಿಟಿಷರ ವಲಸೆ ಸರ್ಟಿಫಿಕೇಟ್ ಬೇಕು. 1939ರಲ್ಲಿ ಮುಂದಿನ ಐದು ವರ್ಷಕ್ಕೆ ಒಟ್ಟು 75,000 ಮಾತ್ರ ಅಂತ ಅದಕ್ಕೂ ಮಿತಿ ಹಾಕಿದ್ರು. ಅದಕ್ಕಿಂತ ಒಂದು ವರ್ಷ ಮುಂಚೆ ಫ್ರಾನ್ಸ್‌ನ ಎವಿಯಾನ್‌ನಲ್ಲಿ 32 ದೇಶಗಳು ಯಹೂದಿ ನಿರಾಶ್ರಿತರ ವಿಚಾರಕ್ಕೇ ಸಭೆ ಸೇರಿದ್ದವು, ಪಾಪ ಅಂದ್ರು, ಕಾಫಿ ಕುಡಿದ್ರು, ಎದ್ದು ಹೋದ್ರು. ಡೊಮಿನಿಕನ್ ರಿಪಬ್ಲಿಕ್ ಒಂದೇ ಬರ್ಲಿ ಅಂದಿದ್ದು. ನಂಗೆ ಈ ಕಥೆಯಲ್ಲಿ ಜಾಸ್ತಿ ಸಿಟ್ಟು ಬರೋದು ಇಲ್ಲೇ.

1939 ಸೆಪ್ಟೆಂಬರ್ 17ಕ್ಕೆ ಸೋವಿಯತ್ ಸೈನ್ಯ ವೊಲಿನ್‌ಗೆ ಬಂತು. ಗಡಿ ಮುಚ್ಚಿತು, ಅಂಗಡಿಗಳು ಸರ್ಕಾರದ ಪಾಲಾದವು, ಆದ್ರೆ ಜನ ನಿಟ್ಟುಸಿರು ಬಿಟ್ರು, ಸದ್ಯ ಜರ್ಮನ್ನರು ಬರ್ಲಿಲ್ವಲ್ಲ ಅಂತ. ಸ್ಟಾಲಿನ್ ಮತ್ತು ಹಿಟ್ಲರ್ ಒಪ್ಪಂದ ಜಾರಿಯಲ್ಲಿದ್ದ ಆ ಎರಡು ವರ್ಷ ಸೋವಿಯತ್ ಪೇಪರ್‌ಗಳು ನಾಜಿಗಳು ಯಹೂದಿಗಳಿಗೆ ಮಾಡ್ತಿದ್ದಿದ್ದನ್ನ ಹೆಚ್ಚು ಕಡಿಮೆ ಬರೀಲೇ ಇಲ್ಲ. ಜರ್ಮನ್ನರು ಹಿಡಿದಿದ್ದ ಪೋಲೆಂಡಿನ ಭಾಗದಿಂದ ಓಡಿಬಂದ ನಿರಾಶ್ರಿತರು ಹೇಳ್ತಿದ್ರು ನಿಜ, ಆದ್ರೆ ಅವರು ಹೇಳ್ತಿದ್ದಿದ್ದು ಹೊಡೆತ, ಲೂಟಿ, ಬಿಟ್ಟಿ ಚಾಕರಿ ಬಗ್ಗೆ. ಇಡೀ ಊರನ್ನ ಗುಂಡಿಗೆ ಹಾಕ್ತಾರೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ಯಾಕಂದ್ರೆ ಅದು ಇನ್ನೂ ಶುರುವೇ ಆಗಿರ್ಲಿಲ್ಲ. ಎಷ್ಟರ ಮಟ್ಟಿಗೆ ಅಂದ್ರೆ 1940ರಲ್ಲಿ ಸೋವಿಯತ್ ಕಡೆ ಬೇಸತ್ತ ಎಷ್ಟೋ ಯಹೂದಿ ನಿರಾಶ್ರಿತರು ವಾಪಸ್ ಜರ್ಮನ್ ಕಡೆಯ ತಮ್ಮೂರಿಗೇ ಕಳಿಸಿ ಅಂತ ಹೆಸರು ಬರೆಸಿದ್ರು. ಸೋವಿಯತ್‌ನವರು ಅಂಥವರನ್ನ ಹಿಡಿದು ಸೈಬೀರಿಯಾ ಕಡೆಗೆ ಗಡಿಪಾರು ಮಾಡಿದ್ರು, ಹಸಿವು ಚಳಿಗೆ ಎಷ್ಟೋ ಜನ ಸತ್ರೂ ಅವರಲ್ಲಿ ಹೆಚ್ಚಿನವರು ಬದುಕಿ ಉಳಿದ್ರು. ಶಿಕ್ಷೆ ಅನುಭವಿಸಿದವರು ಉಳಿದ್ರು, ಮನೇಲಿ ನೆಮ್ಮದಿಯಾಗಿದ್ದವರು ಹೋದ್ರು. ಯಾರಿಗೆ ಗೊತ್ತಾಗುತ್ತೆ ಹೇಳಿ ಇದು ಮುಂಚೆ?

ಇನ್ನೊಂದು, ಹಿರಿಯರ ನೆನಪು. ಮೊದಲ ಮಹಾಯುದ್ಧದಲ್ಲಿ ಆ ಭಾಗಕ್ಕೆ ಆಸ್ಟ್ರಿಯನ್, ಜರ್ಮನ್ ಸೈನಿಕರು ಬಂದಿದ್ರು. ರಷ್ಯನ್ ಸೈನ್ಯದ ಕುದುರೆ ಸವಾರರು, ಅಂದ್ರೆ ಕೊಸಾಕ್‌ಗಳ ಲೂಟಿ ನೋಡಿದ್ದ ಯಹೂದಿಗಳಿಗೆ ಇವರು ಸಭ್ಯಸ್ಥರಾಗಿ ಕಂಡಿದ್ರು, ಅವರ ಮನೆಮಾತು ಯಿಡ್ಡಿಶ್‌ಗೂ ಜರ್ಮನ್‌ಗೂ ನಂಟಿರೋದ್ರಿಂದ ಮಾತೂ ಅರ್ಥ ಆಗ್ತಿತ್ತು. ಆ ನೆನಪೇ ಎಷ್ಟೋ ಮನೆಗಳಲ್ಲಿ ಮೋಸ ಮಾಡ್ತು.

1941 ಜೂನ್ 22ಕ್ಕೆ ಜರ್ಮನಿ ದಾಳಿ, ನಾಲ್ಕೈದು ದಿನದಲ್ಲಿ ಲುಟ್ಸ್ಕ್ ಅವರ ಕೈಲಿ. ಇದ್ದ ಟೈಮ್ ಅಷ್ಟೇ. ಪೂರ್ವಕ್ಕೆ ಓಡಿದವರಲ್ಲಿ ಹಲವರನ್ನ ಹಳೇ ಸೋವಿಯತ್ ಗಡಿಯಲ್ಲಿ ಪರ್ಮಿಟ್ ಇಲ್ಲ ಅಂತ ವಾಪಸ್ ಅಟ್ಟಿದ್ರು. ಜುಲೈ 2ಕ್ಕೆ ಲುಟ್ಸ್ಕ್ ಕೋಟೆಯಲ್ಲಿ ಸಾವಿರಕ್ಕೂ ಹೆಚ್ಚು ಯಹೂದಿ ಗಂಡಸರನ್ನ ಗುಂಡಿಟ್ಟು ಕೊಂದ್ರು. ನವೆಂಬರಲ್ಲಿ ರಿವ್ನೆ ಪಟ್ಟಣದ ಹತ್ತಿರದ ಕಾಡಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು. ಅಷ್ಟೊತ್ತಿಗೆ ಓಡೋ ದಿಕ್ಕೇ ಉಳಿದಿರ್ಲಿಲ್ಲ. ತ್ರೋಖೆನ್‌ಬ್ರೋಡ್ ಸರದಿ ಬಂದಿದ್ದು 1942ರ ಆಗಸ್ಟ್ ಮತ್ತು ಸೆಪ್ಟೆಂಬರಲ್ಲಿ, ಜರ್ಮನ್ನರ ಜೊತೆ ಉಕ್ರೇನಿಯನ್ ಸಹಾಯಕ ಪೊಲೀಸರೂ ಇದ್ರು, ಕಾಡಲ್ಲಿ ಗುಂಡಿ ತೋಡಿಸಿದ್ರು. ಚರ್ಮದ ಕೆಲಸ ಬರೋರನ್ನ ಸ್ವಲ್ಪ ದಿನ ಉಳಿಸ್ಕೊಂಡ್ರು, ಅವರಿಗೆ ಬೂಟು ಬೇಕಿತ್ತಲ್ಲ.

“ಕಾಡು ಪಕ್ಕದಲ್ಲೇ ಇತ್ತಲ್ಲ, ನುಗ್ಗಬಹುದಿತ್ತು” ಅಂತ ಇನ್ನೊಂದು ಮಾತು ಬರುತ್ತೆ. ನುಗ್ಗಿದ್ರು. ಆದ್ರೆ ಅಳೋ ಮಗುನ, ವಯಸ್ಸಾದ ಅಮ್ಮನ ಕರ್ಕೊಂಡು ಆ ಚಳಿಗಾಲ ಕಾಡಲ್ಲಿ ಕಳೆಯೋದು ಹೇಗೆ? ಅಡಗಿಸಿಟ್ಟ ಮನೆಯವರಿಗೂ ಮರಣದಂಡನೆ, ಹಿಡ್ಕೊಟ್ಟವರಿಗೆ ಬಹುಮಾನ. ಅಷ್ಟಾದ್ರೂ ಕೆಲವು ಉಕ್ರೇನಿಯನ್, ಪೋಲಿಷ್ ರೈತರು ಅನ್ನ ಹಾಕಿದ್ರು, ಹತ್ತಿರದ ಪ್ಶೆಬ್ರಾಝೆ ಅನ್ನೋ ಪೋಲಿಷ್ ಹಳ್ಳಿ 1943ರಲ್ಲಿ ತನಗೇ ಪ್ರಾಣಭಯ ಇದ್ದಾಗ್ಲೂ ಯಹೂದಿಗಳಿಗೆ ಜಾಗ ಕೊಡ್ತು. ಕೆಲವು ಹುಡುಗರು ಕಾಡಲ್ಲಿ ಅಡಗಿ ಜರ್ಮನ್ನರ ವಿರುದ್ಧ ಹೋರಾಡ್ತಿದ್ದ ಪಾರ್ಟಿಸಾನ್‌ಗಳ ಜೊತೆ ಸೇರಿ ಕಾದಾಡಿದ್ರು. ಎಲ್ಲ ಲೆಕ್ಕ ಹಾಕಿದ್ರೂ ಉಳಿದವರು 200ಕ್ಕಿಂತ ಕಡಿಮೆ.

ಊರು ಈಗಿಲ್ಲ. ಸೋವಿಯತ್ ಕಾಲದಲ್ಲಿ ಆ ಜಾಗ ಸಾಮೂಹಿಕ ಕೃಷಿಗೆ ಹೋಯ್ತು, ಈಗ ಹೊಲ, ಬೀದಿ ಇದ್ದ ಕಡೆ ಒಂದು ಮಣ್ಣಿನ ದಾರಿ, ಒಂದು ಸ್ಮಾರಕದ ಕಲ್ಲು. ಅಮೆರಿಕ, ಇಸ್ರೇಲ್, ಬ್ರೆಜಿಲ್‌ನಿಂದ ಆ ಊರಿನ ಮೊಮ್ಮಕ್ಕಳು ಮರಿಮಕ್ಕಳು ಬಂದು ನೋಡ್ಕೊಂಡು ಹೋಗಿದ್ದಾರೆ. ಅವರಲ್ಲಿ ಹೆಚ್ಚಿನವರ ಅಜ್ಜ ಅಜ್ಜಿ, ಇವರು ಯಾಕೆ ಹೋಗ್ಲಿಲ್ಲ ಅಂತ ನಾವು ಕೇಳ್ತೀವಲ್ಲ, ಬಾಗಿಲು ಮುಚ್ಚೋಕೆ ಮುಂಚೆ ಹಾಗೆ ಹೋಗಿದ್ದವರೇ.