‘ಅಂವ ಅಶೋಕನೇ ಅಂತ ಹ್ಯಾಂಗ ಗೊತ್ತಾಯ್ತ್ರೀ?’

ಕಲಬುರಗಿ ಜಿಲ್ಲೆಯ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಬಂದ ನೆಂಟರನ್ನು ನಾನು ಪಕ್ಕದ ಕನಗನಹಳ್ಳಿಗೂ ಕರೆದುಕೊಂಡು ಹೋಗುತ್ತೇನೆ. ಭೀಮೆಯ ದಂಡೆಯ ಆ ಹಾಳುಬಿದ್ದ ಬೌದ್ಧಸ್ತೂಪದ ಒಂದು ಚಪ್ಪಡಿಯಲ್ಲಿ ರಾಜ, ಪಕ್ಕದಲ್ಲಿ ರಾಣಿ, ಚಾಮರ ಹಿಡಿದ, ಛತ್ರಿ ಹಿಡಿದ ಸೇವಕಿಯರಿದ್ದಾರೆ. ಅಶೋಕ ಚಕ್ರವರ್ತಿ ಎಂದೊಡನೆ ಎಲ್ಲರದೂ ಇದೇ ಪ್ರಶ್ನೆ. ಅವನ ಮಾರಿ ನೋಡಿದವರು ಯಾರಿದ್ದಾರೆ?

ಯಾರೂ ಇಲ್ಲ. ಕೆತ್ತಿದವನೂ ನೋಡಿರಲಿಲ್ಲ. ಅಶೋಕ ತೀರಿಕೊಂಡು ನೂರಾರು ವರ್ಷವಾದ ಮೇಲೆ, ಶಾತವಾಹನರ ಕಾಲದಲ್ಲಿ ಕಡೆದ ಶಿಲ್ಪವದು. ಮುಖದಿಂದ ಗುರುತು ಹಿಡಿಯುವ ಮಾತೇ ಇಲ್ಲ.

ಗುರುತು ಹೇಳುವುದು ಬರಹ. ‘ರಾಯಾ ಅಸೋಕೋ’ ಎಂದು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ, ಐದೇ ಅಕ್ಷರ. ಲಿಪಿ ಬಾರದವರಿಗೆ ನಾನು ಕೊನೆಯ ಅಕ್ಷರದಿಂದ ಓದಿಸುತ್ತೇನೆ: ಶಾಲೆಯ ಲೆಕ್ಕದ ಕೂಡಿಸುವ ಚಿಹ್ನೆಯಂತಿದ್ದರೆ ಅದು ‘ಕ’, ತಲೆಯ ಮೇಲೆ ಅಡ್ಡಗೆರೆ ಎಳೆದರೆ ‘ಕೋ’. ಅಷ್ಟು ಕಂಡರೆ ಸಾಕು, ಉಳಿದ ಅಕ್ಷರಗಳ ಕಡೆಗೆ ಅವರೇ ಬಗ್ಗುತ್ತಾರೆ.

‘ಹೆಸರು ಆಮೇಲೆ ಯಾರಾದರೂ ಸೇರಿಸಿರಬಹುದಲ್ಲ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಚಿತ್ರಕ್ಕೆ ಹೆಸರು ಬರೆಯುವುದು ಈ ಸ್ತೂಪದ ರೂಢಿ. ಶಾತವಾಹನ ವಂಶದ ಮೊದಲ ದೊರೆ ಸಿಮುಕನನ್ನು ಇಲ್ಲಿ ‘ಛಿಮುಕ’ ಎಂದು ಬರೆದಿದ್ದಾರೆ. ಇನ್ನೊಂದು ಚಪ್ಪಡಿಯಲ್ಲಿ ಅದೇ ವಂಶದ ದೊರೆ ಪುಳುಮಾವಿ ಉಜ್ಜಯಿನಿಯನ್ನು ಅಜಯತ ಎಂಬವನಿಗೆ ಕೊಡುತ್ತಿದ್ದಾನೆ, ಅದನ್ನೂ ಬರೆದೇ ತಿಳಿಸಿದ್ದಾರೆ. ಸಾಂಚಿಯ ತೋರಣಗಳಲ್ಲೂ ಅಶೋಕನೆಂದು ಗುರುತಿಸಿದ ಶಿಲ್ಪಗಳಿವೆ, ಅಲ್ಲಿ ಹೆಸರಿಲ್ಲ. ಕಥೆಯ ಜಾಡು ಹಿಡಿದು ಊಹಿಸಬೇಕು. ಕನಗನಹಳ್ಳಿ ನನಗೆ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ.

ಇಷ್ಟೆಲ್ಲ ಮಣ್ಣಿನಡಿ ಇತ್ತು. ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ಒಡೆದ ಚಪ್ಪಡಿಗಳ ರಾಶಿಯೇ ಸಿಕ್ಕಿತು. ಸ್ತೂಪದ ಹೆಸರೂ ಅದರ ಶಾಸನಗಳಲ್ಲೇ ಇದೆ: ಅಧೋಲೋಕ ಮಹಾಚೈತ್ಯ. ಕಲ್ಲು ಇಲ್ಲಿನದೇ ಸುಣ್ಣಕಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಜಾತಿಯದು. ಅಡುಗೆಮನೆಯಲ್ಲಿ ದಿನಾ ತುಳಿಯುವ ಕಲ್ಲಿನಲ್ಲಿ ಚಕ್ರವರ್ತಿ ನಿಂತಿದ್ದಾನೆಂದು ತಿಳಿದ ಕೂಡಲೇ ನೆಂಟರ ಕೈ ತಾನಾಗಿ ಚಪ್ಪಡಿಯತ್ತ ಚಾಚುತ್ತದೆ. ಮುಟ್ಟಬೇಡಿ ಎನ್ನುತ್ತೇನೆ.

ಇಲ್ಲಿ ಯಾಕೆ ಅಶೋಕ ಎಂಬುದಕ್ಕೆ ಉತ್ತರ ಗುಡಿಯಲ್ಲೇ ಸಿಕ್ಕಿತು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಬುಡದಲ್ಲಿದ್ದ ಚಪ್ಪಡಿಯ ಎರಡೂ ಮಗ್ಗುಲಿಗೆ ಅಶೋಕನ ಶಾಸನ! ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಜೊತೆಗೆ, ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ‘ಪ್ರತ್ಯೇಕ ಶಾಸನ’ ಎಂದು ಕರೆಯುವ ಎರಡು ಶಾಸನಗಳೂ ಇದ್ದವು. ಮೂರ್ತಿ ಕೂರಿಸಲು ನಡುವೆ ಚೌಕಾಕಾರದ ತೂತು ಕೊರೆದಿದ್ದರಿಂದ ಆ ಜಾಗದ ಅಕ್ಷರಗಳು ಹೋಗಿವೆ. ನನಗೆ ಹೊಟ್ಟೆ ಚುರ್ ಎನ್ನುತ್ತದೆ. ಆದರೆ ಕಾಳಿಯ ಕೆಳಗೆ ಭದ್ರವಾಗಿದ್ದುದರಿಂದಲೇ ಉಳಿದದ್ದು ನಮ್ಮ ಕೈಸೇರಿತೇನೋ.

ಆ ಶಾಸನ ಹೊರಟಾಗ ‘ದೇವಾನಾಂಪ್ರಿಯ’ ಎಂಬ ಬಿರುದಿನಲ್ಲಿ ಈ ದಂಡೆಗೆ ಬಂದವನನ್ನು, ತಲೆಮಾರುಗಳ ಮೇಲೆ ಇಲ್ಲಿಯವರು ಹೆಸರು ಹಿಡಿದೇ ನೆನೆದಿದ್ದಾರೆ. ಹಾಗಾಗಿ ನನ್ನ ಉತ್ತರ ಇಷ್ಟು: ಅವನ ಮಾರಿ ಹೀಗೇ ಇತ್ತೆಂದು ನಾನು ಹೇಳಲಾರೆ. ಕೆತ್ತಿದವರು ಅವನನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆತ್ತಿದರು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.