ಕುಮಾರ ಪರ್ವತ ಕಪ್ಪು-ಬಿಳುಪಿನಲ್ಲಿ: ಮಳೆ ನಿಂತ ಮೇಲಿನ ರೋಲ್‌ಗಳು

ಮಳೆ ನಿಂತ ಹೊಸತರಲ್ಲಿ ಕುಮಾರ ಪರ್ವತ ಕಣ್ಣಿಗೆ ಹಬ್ಬ, ಕಪ್ಪು-ಬಿಳುಪು ಫಿಲ್ಮಿಗೆ ಮಾತ್ರ ತಲೆನೋವು. ಹುಲ್ಲು ಹಸಿರು, ಶೋಲಾ ಕಾಡು (ಹುಲ್ಲುಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ದಟ್ಟ ಕಾಡು) ಹಸಿರು, ಮೇಲೆ ನೀಲಿ ಆಕಾಶ. ಬಣ್ಣ ತೆಗೆದರೆ ಮೂರೂ ಹೆಚ್ಚುಕಮ್ಮಿ ಒಂದೇ ಬೂದು. ಪಶ್ಚಿಮ ಘಟ್ಟದ ಬೆಟ್ಟಗಳನ್ನು ಬರೀ ಕಪ್ಪು-ಬಿಳುಪಿನಲ್ಲಿ ತೆಗೆಯಬೇಕು ಅಂತ ಹಿಡಿದ ಕೆಲಸದಲ್ಲಿ ಸದ್ಯಕ್ಕೆ ಇದೇ ದೊಡ್ಡ ಗಂಟು. ಅದನ್ನು ಬಿಡಿಸೋಕೆ ಈ ಸಲ ಹಳದಿ, ಕಿತ್ತಳೆ, ಕೆಂಪು ಮೂರೂ ಫಿಲ್ಟರ್ ಹೊತ್ತುಕೊಂಡು ಹೋಗಿದ್ದೆ. ಲೆನ್ಸಿನ ಮುಂದೆ ಹಾಕುವ ಈ ಬಣ್ಣದ ಗಾಜು ಪ್ರಿಂಟಿನಲ್ಲಿ ತನ್ನ ಬಣ್ಣದ್ದನ್ನು ತಿಳಿಯಾಗಿಸಿ, ಎದುರು ಬಣ್ಣದ್ದನ್ನು ಕಪ್ಪಾಗಿಸುತ್ತದೆ.

ಕ್ಯಾಮೆರಾ ಹಳೇ ನಿಕಾನ್ ಎಫ್‌ಎಂ2. ಲೆನ್ಸ್ 28 ಮತ್ತು 50 ಎಂಎಂ. ಫಿಲ್ಮ್ ಇಲ್ಫೋರ್ಡ್ ಎಚ್‌ಪಿ5. ಟ್ರೈಪಾಡ್ ಮನೆಯಲ್ಲೇ ಬಿಟ್ಟೆ. ಕುಕ್ಕೆ ಕಡೆಯ ಏರು ಎಂಥದ್ದು ಅಂತ ಹತ್ತಿದವರಿಗೆ ಗೊತ್ತು.

ಗಿರಿಗದ್ದೆಯ ಭಟ್ಟರ ಮನೆ ತನಕ ದಟ್ಟ ಕಾಡು. ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ, ಉಂಬಳ ಕೀಳೋಕೇ ಕೈ ಸಾಲಲಿಲ್ಲ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಹುಲ್ಲಿನ ಬೆಟ್ಟ ತೆರೆದುಕೊಳ್ಳುತ್ತದೆ, ಕೆಲಸ ಶುರುವಾಗೋದು ಅಲ್ಲಿಂದ. ಇನ್ನೊಂದು ತೊಡಕೂ ಇದೆ. 1712 ಮೀಟರ್ ಎತ್ತರದ ಶಿಖರದಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯುವ ಹಾಗಿಲ್ಲ. ಹಾಗಾಗಿ ಬೆಳಗಿನ ಓರೆ ಬಿಸಿಲು ಅಲ್ಲಿ ಸಿಗೋದಿಲ್ಲ. ಮೇಲೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ.

ಹಳದಿ ಫಿಲ್ಟರ್ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ), ಕಿತ್ತಳೆ ಎರಡು, ಗಾಢ ಕೆಂಪು ಮೂರು. ಕೆಂಪು ಹಾಕಿದಾಗ ಕ್ಯಾಮೆರಾದ ಮೀಟರನ್ನು ನಾನು ನಂಬೋದಿಲ್ಲ. ಫಿಲ್ಟರ್ ಇಲ್ಲದೆ ಅಳೆದು, ಆಮೇಲೆ ಮೂರು ಸ್ಟಾಪ್ ಕೂಡಿಸುತ್ತೇನೆ. ಒಳ್ಳೆ ಬಿಸಿಲಲ್ಲಿ 400 ಐಎಸ್‌ಒ ಫಿಲ್ಮಿಗೆ ಅಪರ್ಚರ್ ಎಫ್16, ಶಟರ್ 1/500 ಸೆಕೆಂಡ್ ಇದ್ದದ್ದು ಕೆಂಪಿನಲ್ಲಿ ಎಫ್8, 1/250 ಆಗುತ್ತದೆ. ಕೈಯಲ್ಲೇ ಹಿಡಿದು ಆರಾಮಾಗಿ ತೆಗೆಯಬಹುದು.

ಕಲ್ಲು ಮಂಟಪದ ಹತ್ತಿರ ಒಂದೇ ಜಾಗದಲ್ಲಿ ನಿಂತು ಮೂರನ್ನೂ ಹಾಕಿ ತೆಗೆದೆ. ನೆಗೆಟಿವನ್ನು ಕಿಟಕಿ ಬೆಳಕಿಗೆ ಹಿಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಳದಿಯಲ್ಲಿ ಆಕಾಶ ದಟ್ಟ ಬೂದು. ಕೆಂಪಿನಲ್ಲಿ ಆಕಾಶದ ಜಾಗ ಹೆಚ್ಚುಕಮ್ಮಿ ಖಾಲಿ ಫಿಲ್ಮ್, ಮೋಡ ಮಾತ್ರ ಗಟ್ಟಿ ಕಪ್ಪು. ಪ್ರಿಂಟಿನಲ್ಲಿ ಇದು ಉಲ್ಟಾ ಆಗಿ ಕಡುಗಪ್ಪು ಆಕಾಶ, ಬೆಳ್ಳನೆ ಮೋಡ ಬರುತ್ತದೆ. ನೋಡೋಕೆ ಜೋರಾಗೇ ಇದೆ. ಆದರೆ ಹುಲ್ಲೂ ಕಪ್ಪಾಗಿ ಕೂತುಬಿಟ್ಟಿದೆ. ಶೇಷ ಪರ್ವತದ ಹುಲ್ಲು ಎಲ್ಲಿ ಮುಗಿಯಿತು, ಶೋಲಾ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗೋದಿಲ್ಲ. ಅಬ್ಬರ ಜಾಸ್ತಿ, ಬೆಟ್ಟ ಕಮ್ಮಿ. ನನಗೆ ಹಿಡಿಸಿದ್ದು ಕಿತ್ತಳೆ.

ಶೇಷ ಪರ್ವತ ದಾಟುವಾಗ ಕಣಿವೆಯಿಂದ ಮಂಜು ಎದ್ದಿತು. ಆಗ ಫಿಲ್ಟರನ್ನೇ ಬಿಚ್ಚಿ ಜೇಬಿಗೆ ಹಾಕಿದೆ. ದೂರದ ಬೆಟ್ಟಗಳ ಮೇಲಿನ ನೀಲಿ ಮಸುಕನ್ನು ಕೆಂಪು ಫಿಲ್ಟರ್ ತೆಗೆಯುತ್ತದೆ, ಯಾಕಂದ್ರೆ ಅಲ್ಲಿ ಚದುರಿರೋದು ಹೆಚ್ಚಾಗಿ ನೀಲಿ ಬೆಳಕು. ಮಂಜಿನ ಹನಿ ಅದಕ್ಕಿಂತ ಬಹಳ ದಪ್ಪ, ಎಲ್ಲ ಬಣ್ಣವನ್ನೂ ಒಂದೇ ತರ ಚದುರಿಸುತ್ತದೆ. ಅದರಲ್ಲಿ ಫಿಲ್ಟರ್ ಹಾಕಿ ಸುಮ್ನೆ ಬೆಳಕು ಕಳೆದುಕೊಳ್ಳೋದ್ಯಾಕೆ, ಅಲ್ವಾ? ಮಂಜನ್ನೇ ಅಳೆದು ಒಂದು ಸ್ಟಾಪ್ ಜಾಸ್ತಿ ಕೊಟ್ಟೆ. ಇಲ್ಲದಿದ್ದರೆ ಬಿಳಿ ಮಂಜು ಕೊಳಕು ಬೂದಾಗಿ ಬರುತ್ತದೆ. ಈ ಸಲದ ಒಳ್ಳೆ ಫ್ರೇಮ್‌ಗಳೆಲ್ಲ ಇಲ್ಲಿಯವೇ. ಹತ್ತಿರದ ಏಣು ಕಪ್ಪು, ಅದರ ಹಿಂದಿನದು ಬೂದು, ಅದರಾಚೆಯದು ಬರೀ ಗೆರೆ. ಮೂರು ಫಿಲ್ಟರ್ ಸೇರಿ ಬಿಡಿಸದ ಗಂಟನ್ನು ಮಂಜು ಬಿಡಿಸಿಕೊಟ್ಟಿತು. ಹಾಗಂತ ಅದನ್ನು ನಂಬಿಕೊಂಡು ಬೆಟ್ಟ ಹತ್ತೋಕಾಗೋದಿಲ್ಲ, ಆ ಮಾತು ಬೇರೆ.

ಡೆವಲಪ್ ಮಾಡಿದ್ದು ಮನೆಯ ಬಚ್ಚಲಲ್ಲೇ. ಐಡಿ-11 ಡೆವಲಪರ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ 20 ಡಿಗ್ರಿಯಲ್ಲಿ 13 ನಿಮಿಷ. ಬೆಂಗಳೂರಿನ ನಲ್ಲಿ ನೀರು ಅಷ್ಟು ತಣ್ಣಗಿರೋದಿಲ್ಲ, ಬಾಟಲಿಯನ್ನು ಐಸ್ ಹಾಕಿದ ಬಕೆಟಿನಲ್ಲಿಟ್ಟು ಕಾಯಬೇಕು.

ಮುಂದಿನದು ಜನವರಿಗೆ. ಆಗ ಹುಲ್ಲು ಒಣಗಿ ಹಳದಿಗೆ ತಿರುಗಿರುತ್ತದೆ. ಕಿತ್ತಳೆ ಫಿಲ್ಟರಿನಲ್ಲಿ ಒಣಹುಲ್ಲು ತಿಳಿಯಾಗಿ, ಶೋಲಾ ಕಪ್ಪಾಗಿ ಬರಬೇಕು. ಬೇಸಿಗೆ ಬಂತೆಂದರೆ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಅಷ್ಟರೊಳಗೆ ಆನ್‌ಲೈನ್ ಬುಕಿಂಗ್ ಸಿಗಬೇಕು. ಶನಿವಾರ, ಭಾನುವಾರ ನೆಚ್ಚಿಕೊಳ್ಳೋ ಬದಲು ವಾರದ ನಡುವೆ ರಜೆ ಹಾಕೋದೇ ವಾಸಿ.